ಹಾಡಿನ ಹೊದಿಕೆಯ ಮೇಲೆ ಯಾರ ಹೆಸರು?

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ತಯಾರಾದದ್ದು ಮಾತ್ರ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಪುಣೆಯಲ್ಲಿ ನೆಲೆಸಿದ ನಮಗೆ ಇದು ನೆರೆಮನೆಯ ಸಂಗತಿಯಂತೆ ತೋರುತ್ತದೆ. ವೈ.ವಿ. ರಾವ್ ನಿರ್ದೇಶಿಸಿದ, ಚಮನ್‌ಲಾಲ್ ಡೂಂಗಾಜಿ ಬಂಡವಾಳ ಹೂಡಿದ, ಆರ್. ನಾಗೇಂದ್ರರಾಯರು ರಾವಣನ ಪಾತ್ರವನ್ನೂ ಸಂಗೀತದ ಹೊಣೆಯನ್ನೂ ಹೊತ್ತ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದರ ಮಾತು, ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು ಎಂದು ನಾವು ಇವತ್ತು ಧೈರ್ಯವಾಗಿ ಹೇಳುತ್ತೇವಲ್ಲ, ಅದು ಚಿತ್ರವನ್ನು ನೋಡಿ ಹೇಳುವ ಮಾತಲ್ಲ. ಯಾರೋ ಆ ಹೆಸರನ್ನು ಕಾಗದದ ಮೇಲೆ ಅಚ್ಚು ಹಾಕಿದ್ದರು, ಮತ್ತಾರೋ ಆ ಕಾಗದವನ್ನು ಓದಿ ಮುಂದಿನವರಿಗೆ ಬರೆದಿಟ್ಟರು. ಅಷ್ಟರಿಂದಲೇ ಆ ಹೆಸರು ಬದುಕಿತು.

ಚಿತ್ರಗೀತೆಗಳ ಸಂಗ್ರಹಕ್ಕೆ ತಾವೇ ಮುಖಪುಟ ರಚಿಸಿಕೊಳ್ಳುವ ಹವ್ಯಾಸ ಈಚೆಗೆ ನಮ್ಮವರಲ್ಲಿ ಹೆಚ್ಚಾಗಿದೆ. ಹಳೆಯ ಕ್ಯಾಸೆಟ್ಟು, ರೆಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸಿದವರಿಗೆ ತೆರೆಯ ಮೇಲೆ ಖಾಲಿ ಬೂದು ಚೌಕವೊಂದು ಕಾಣುತ್ತದೆ; ಅದನ್ನು ತುಂಬದೆ ಮನಸ್ಸು ನಿಲ್ಲುವುದಿಲ್ಲ. ಹಾಡುಗಳ ಮುದ್ರಿಕೆಯೇ ಎಂದೂ ಮಾರಾಟಕ್ಕೆ ಬಾರದ ಚಿತ್ರಗಳ ಹಿನ್ನೆಲೆ ಸಂಗೀತವನ್ನು ಕೂಡಿಡುವವರಿಗಂತೂ ಹೊದಿಕೆಯನ್ನು ಹೊಸದಾಗಿಯೇ ಹುಟ್ಟಿಸಬೇಕು. ಇದನ್ನು ಮಕ್ಕಳಾಟವೆಂದು ನಗುವವರಿದ್ದಾರೆ. ನಾವು ಹಾಗೆ ಭಾವಿಸಿಲ್ಲ. ಚಿತ್ರಗೀತೆಗೆ ಹೊದಿಕೆ ಏಕೆ ಬಂತು, ಅದರ ಮೇಲೆ ಏನೇನಿತ್ತು, ಕಾಲಕಾಲಕ್ಕೆ ಏನೇನು ಉದುರಿಹೋಯಿತು ಎಂದು ನೋಡಿದರೆ ಇಂದಿನ ಹವ್ಯಾಸಿಯ ಕೈಯಲ್ಲಿರುವ ಕೆಲಸ ಚಿಕ್ಕದಲ್ಲವೆಂದು ತಿಳಿಯುತ್ತದೆ.

ಪಾಶ್ಚಾತ್ಯರು ಈ ಕಥೆಯನ್ನು ಅಮೆರಿಕದ ಕೊಲಂಬಿಯಾ ಕಂಪನಿಯಿಂದ ಆರಂಭಿಸುತ್ತಾರೆ. ಅಲ್ಲಿ ಗ್ರಾಮಫೋನ್ ತಟ್ಟೆಗಳನ್ನು ರಟ್ಟಿನ ಕಟ್ಟಿನಲ್ಲಿ, ಫೋಟೋ ಆಲ್ಬಮ್ಮಿನಂತೆ ಹೊಲಿದು ಮಾರುತ್ತಿದ್ದರು. ‘ಆಲ್ಬಮ್’ ಎಂಬ ಮಾತು ಹಾಡಿನ ಲೋಕಕ್ಕೆ ಬಂದದ್ದೇ ಹಾಗೆ. ಆ ಕಟ್ಟುಗಳ ಮೇಲೆ ಚಿನ್ನದ ಬಣ್ಣದ ನಾಲ್ಕಕ್ಷರ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. 1940ರಲ್ಲಿ ಅಲೆಕ್ಸ್ ಸ್ಟೈನ್‌ವೈಸ್ ಎಂಬ ತರುಣ ಕಲಾವಿದ ಅದರ ಮೇಲೆ ಚಿತ್ರ ಬರೆದ, ಮಾರಾಟ ಏರಿತು, ಮಿಕ್ಕ ಕಂಪನಿಗಳು ಹಿಂಬಾಲಿಸಿದವು. ಈ ಕಥೆ ಅವರ ಮಟ್ಟಿಗೆ ಸರಿಯೇ. ನಮ್ಮಲ್ಲಿ ಚಿತ್ರಗೀತೆಯ ಹೊದಿಕೆಯ ವಂಶಾವಳಿ ಬೇರೆ. ನಮ್ಮಲ್ಲಿ ತಟ್ಟೆಗಿಂತ ಮೊದಲು ಪುಸ್ತಕಕ್ಕೆ ಮುಖಪುಟ ಬಂತು. ಅದರ ಬೇರು ಹುಡುಕುತ್ತ ಹೋದರೆ ಮತ್ತೆ ಕೊಲ್ಹಾಪುರಕ್ಕೇ ತಲುಪುತ್ತೇವೆ.

ಕೊಲ್ಹಾಪುರದ ಬಾಬುರಾವ್ ಕೃಷ್ಣರಾವ್ ಮಿಸ್ತ್ರಿ ನಾಟಕದ ಪರದೆಗಳನ್ನು ಬರೆದು ‘ಪೇಂಟರ್’ ಎಂಬ ಅಡ್ಡಹೆಸರು ಗಳಿಸಿದವರು. ಅಣ್ಣನ ವರಸೆಯ ಆನಂದರಾವ್ ಪೇಂಟರ್ ಜತೆ ಸೇರಿ ರಂಗದ ಪರದೆಗಳಿಗೆ ಬಣ್ಣ ಹಚ್ಚುತ್ತಿದ್ದಾಗಲೇ ಸಿನಿಮಾದ ಗೀಳು ಹಿಡಿಯಿತು. ಮುಂದೆ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿ ಮೂಕಿಚಿತ್ರಗಳನ್ನು ತೆಗೆದ ಬಾಬುರಾವ್ ತಮ್ಮ ಚಿತ್ರಗಳ ಭಿತ್ತಿಪತ್ರಗಳನ್ನು ಸ್ವತಃ ಬರೆದರು. 1921-22ರ ಸುಮಾರಿಗೆ ಚಿತ್ರದ ವಿವರ, ಛಾಯಾಚಿತ್ರಗಳಿರುವ ಕಿರುಹೊತ್ತಗೆಗಳನ್ನು ಅಚ್ಚು ಹಾಕಿಸಿ ಹಂಚಿದರು. ಅವರ ಕೈಕೆಳಗೆ ಪಳಗಿದ ವಿಷ್ಣುಪಂತ್ ದಾಮ್ಲೆ, ಶೇಖ್ ಫತ್ತೇಲಾಲ್ ಇಬ್ಬರೂ ಕಲಾವಿದರೇ. 1929ರಲ್ಲಿ ವಿ. ಶಾಂತಾರಾಮ್ ಮೊದಲಾದವರೊಡನೆ ಅವರು ಪ್ರಭಾತ್ ಫಿಲ್ಮ್ ಕಂಪನಿ ಸ್ಥಾಪಿಸಿ, 1933ರಲ್ಲಿ ಅದನ್ನು ಪುಣೆಗೆ ತಂದರು. ತುತ್ತೂರಿ ಊದುವ ಹೆಣ್ಣಿನ ಪ್ರಭಾತದ ಲಾಂಛನವನ್ನು ನೋಡಿದವರು ಮರೆಯುವುದಿಲ್ಲ. ಹೀಗೆ ಈ ಸೀಮೆಯಲ್ಲಿ ಸಿನಿಮಾದ ಕಾಗದಪತ್ರಗಳ ಅಂದಚಂದವನ್ನು ನಿರ್ಧರಿಸಿದವರು ಕುಂಚ ಹಿಡಿದ ಕೈಯವರು, ವ್ಯಾಪಾರದ ಲೆಕ್ಕ ಮಾತ್ರ ಬಲ್ಲವರಲ್ಲ.

ವಾಕ್ಚಿತ್ರ ಬಂದಮೇಲೆ ಆ ಕಿರುಹೊತ್ತಗೆಯೇ ಹಾಡಿನ ಪುಸ್ತಕವಾಯಿತು. ಕನ್ನಡದಲ್ಲಿ ಅದಕ್ಕೆ ಇನ್ನೊಂದು ತಾಯಿಬೇರೂ ಇತ್ತು: ಕಂಪನಿ ನಾಟಕಗಳ ಹಾಡುಗಳನ್ನು ಅಚ್ಚು ಹಾಕಿಸಿ ನಾಟಕದ ಥಿಯೇಟರಿನಲ್ಲೇ ಮಾರುವ ಪದ್ಧತಿ. ಬೆಳ್ಳಾವೆಯವರು ಗುಬ್ಬಿ ಕಂಪನಿಗೆ ‘ಸದಾರಮೆ’ ಬರೆದುಕೊಟ್ಟವರು. ನಾಟಕ, ಚಿತ್ರ ಎರಡೂ ಅವರ ಲೇಖನಿಯಲ್ಲಿ ಕೂಡಿದ್ದವು. ಹಾಡಿನ ಪುಸ್ತಕದ ಒಳವಿನ್ಯಾಸ ಭಾಷೆ ಯಾವುದಾದರೂ ಹೆಚ್ಚುಕಡಿಮೆ ಒಂದೇ. ಹೊರಗೆ ಎರಡು ಬಣ್ಣದಲ್ಲಿ ನಾಯಕ, ನಾಯಕಿ, ಚಿತ್ರದ ಹೆಸರು. ಒಳಗೆ ಪಾತ್ರವರ್ಗ, ತಾಂತ್ರಿಕ ವರ್ಗ, ಹಾಡು ಕಟ್ಟಿದವರು, ರಾಗ ಕೂಡಿಸಿದವರು. ಬಳಿಕ ಕಥಾಸಾರ, ಕಥೆ ಒಂದು ಕಗ್ಗಂಟಿನ ಹತ್ತಿರ ಬಂದು ನಿಂತು, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಕೈಮುಗಿಯುತ್ತಿತ್ತು. ಕೊನೆಗೆ ಹಾಡುಗಳು. ಕೆಲವು ಆಣೆಗಳ ಈ ಪುಸ್ತಕವನ್ನು ಕೊಂಡವನು ಹಾಡಿನ ಜತೆಗೆ, ಬೇಕೋ ಬೇಡವೋ, ಒಂದು ಪುಟ ಹೆಸರುಗಳನ್ನು ಮನೆಗೆ ಒಯ್ಯುತ್ತಿದ್ದ. ನಮ್ಮ ವಾದವೆಲ್ಲ ಈ ಒಂದು ಪುಟದ ಮೇಲೆ ನಿಂತಿದೆ.

ಆ ಕಾಗದಗಳಲ್ಲಿ ಅಳಿದುಳಿದವು ಹೆಚ್ಚಿನ ಸಂಖ್ಯೆಯಲ್ಲಿ ಇಂದು ಪುಣೆಯಲ್ಲೇ ಇವೆ. 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಫಿಲ್ಮಿನ ರೀಲುಗಳಷ್ಟೇ ಆಸ್ಥೆಯಿಂದ ಭಿತ್ತಿಪತ್ರ, ಸ್ಥಿರಚಿತ್ರ, ಹಾಡಿನ ಪುಸ್ತಕಗಳನ್ನೂ ಕೂಡಿಹಾಕಿದರು. ಈ ದೂರದೃಷ್ಟಿಯ ಬೆಲೆ ತಿಳಿಯಬೇಕಾದರೆ 2003ರ ಜನವರಿ 8ನ್ನು ನೆನೆಯಬೇಕು. ಅಂದು ಹಳೆಯ ಪ್ರಭಾತ್ ಆವರಣದ ಉಗ್ರಾಣದಲ್ಲಿ ಹೊತ್ತಿದ ಬೆಂಕಿ ನೈಟ್ರೇಟ್ ಫಿಲ್ಮಿನ ಸಾವಿರಾರು ರೀಲುಗಳನ್ನು ನುಂಗಿತು. ನೈಟ್ರೇಟ್ ತನ್ನಷ್ಟಕ್ಕೆ ತಾನೇ ಹೊತ್ತಿಕೊಳ್ಳಬಲ್ಲ ವಸ್ತು. ಅಗ್ಗದ ಕಾಗದ ಹಳದಿಯಾಗುತ್ತದೆ, ಮುರಿಯುತ್ತದೆ. ಆದರೂ ಅನೇಕ ಸಲ ಚಿತ್ರಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಇನ್ನು ತಟ್ಟೆಯ ವಿಚಾರ. 78 ಸುತ್ತಿನ ಹತ್ತಂಗುಲದ ಅರಗಿನ ತಟ್ಟೆಯ ಒಂದು ಮುಖದಲ್ಲಿ ಮೂರು ನಿಮಿಷ ಚಿಲ್ಲರೆ ಹಾಡು ಹಿಡಿಯುತ್ತಿತ್ತು. ಅದಕ್ಕೆ ಇದ್ದ ಉಡುಪು ಒರಟು ಕಾಗದದ ಲಕೋಟೆ ಮಾತ್ರ. ನಡುವೆ ದುಂಡನೆಯ ತೂತು. ಲಕೋಟೆಯ ಮೇಲೆ ಕಂಪನಿಯ ಲಾಂಛನ, ಎಷ್ಟೋ ಸಲ ಮಾರುವ ಅಂಗಡಿಯ ಜಾಹೀರಾತು. ‘ಹಿಸ್ ಮಾಸ್ಟರ್ಸ್ ವಾಯ್ಸ್’ನ ನಾಯಿಯೇ ಎಲ್ಲ ಹಾಡುಗಳಿಗೂ ಮುಖ: ಸಂತ ತುಕಾರಾಮನಿಗೂ ಅದೇ ನಾಯಿ, ದಾಸರ ಪದಕ್ಕೂ ಅದೇ ನಾಯಿ. ಹಾಡಿನ ಗುರುತು ತೂತಿನಿಂದ ಇಣುಕುವ ಅಂಗೈಯಗಲದ ಲೇಬಲ್ಲಿನಲ್ಲಿತ್ತು. ಪುಸ್ತಕದ ಒಂದು ಪುಟ ಇಲ್ಲಿ ನಾಲ್ಕು ಸಾಲಿಗೆ ಕುಗ್ಗಿತು. ಯಾವ ಹೆಸರನ್ನು ಉಳಿಸುವುದು, ಯಾವುದನ್ನು ಬಿಡುವುದು ಎಂಬ ಪ್ರಶ್ನೆ ಮೊದಲ ಬಾರಿಗೆ ಎದ್ದದ್ದು ಇಲ್ಲಿ.

ಕಂಪನಿಗಳು ಅದಕ್ಕೆ ಕೊಟ್ಟ ಉತ್ತರ ವಿಚಿತ್ರವಾಗಿತ್ತು. 1949ರ ‘ಮಹಲ್’ ಚಿತ್ರದ ಸುಪ್ರಸಿದ್ಧ ಹಾಡಿನ ತಟ್ಟೆಯಲ್ಲಿ ಗಾಯಕಿಯ ಹೆಸರು ‘ಕಾಮಿನಿ’ ಎಂದಿತ್ತು. ಅದು ಮಧುಬಾಲಾ ವಹಿಸಿದ ಪಾತ್ರದ ಹೆಸರು. ಹಾಡಿದವರು ಲತಾ ಮಂಗೇಶ್ಕರ್. ರೇಡಿಯೋ ಕೇಳಿದವರು ಇದು ಯಾರ ದನಿಯೆಂದು ಪತ್ರದ ಮೇಲೆ ಪತ್ರ ಬರೆದ ಮೇಲೆಯೇ ನಿಜವಾದ ಹೆಸರು ಹೊರಬಂದದ್ದು. ನಮ್ಮ ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು, ಚಿತ್ರಗೀತೆಗಳಲ್ಲದಿದ್ದರೂ, ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದಿದ್ದವು. ಹಾಡುವ ಕೊರಳು ಒಬ್ಬರದು, ನಾಮಕರಣ ಇನ್ನೊಬ್ಬರದು.

ಈ ಇಕ್ಕಟ್ಟಿನ ಲೇಬಲ್ಲಿನಲ್ಲೂ ಕನ್ನಡನಾಡಿನ ಭೂಗೋಳ ಹೇಗೋ ನುಸುಳಿತು ಎಂಬುದು ಹೊರನಾಡಿನ ನಮಗೆ ಖುಷಿ ಕೊಡುವ ವಿಷಯ. ವಿಜಾಪುರ ಸೀಮೆಯ ಬೀಳಗಿಯಿಂದ ಹೋದ ಅಮೀರ್‌ಬಾಯಿ ಹಿಂದಿ ಚಿತ್ರಗಳಲ್ಲಿ ಹಾಡಿದಾಗ, 1943ರ ‘ಕಿಸ್ಮತ್’ ದೇಶವನ್ನೇ ಗುನುಗಿಸಿದಾಗ, ಅವರ ಹೆಸರಿನ ಕೊನೆಯಲ್ಲಿ ‘ಕರ್ನಾಟಕಿ’ ಇತ್ತು. ಕರ್ನಾಟಕವೆಂಬ ರಾಜ್ಯ ಇನ್ನೂ ಇರದಿದ್ದ ಕಾಲವದು. ರಹಮತ್ ತರೀಕೆರೆಯವರು ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದು ದೊಡ್ಡ ಋಣವೊಂದನ್ನು ತೀರಿಸಿದ್ದಾರೆ. ಹುಬ್ಬಳ್ಳಿಯ ಸಮೀಪದ ಅದರಗುಂಚಿಯ ಹುಡುಗಿಯೊಬ್ಬಳು ಪ್ರಭಾತಕ್ಕೆ ಬಂದು ಶಾಂತಾ ಹುಬಳೀಕರ್ ಆದಳು. 1939ರಲ್ಲಿ ಶಾಂತಾರಾಮರ ‘ಮಾಣೂಸ್’ ಚಿತ್ರದ ನಾಯಕಿಯಾಗಿ ಹಲವು ಭಾಷೆಗಳ ಸಾಲುಗಳಿರುವ ಹಾಡನ್ನು ಹಾಡಿ ಮನೆಮಾತಾದಳು. 1942ರಲ್ಲಿ ಗುಬ್ಬಿ ವೀರಣ್ಣನವರ ‘ಜೀವನ ನಾಟಕ’ದಲ್ಲಿ ಕನ್ನಡಕ್ಕೂ ಬಂದಳು. ಅಂದು ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಪುಣೆಗೆ ಬರುವುದೆಂದರೆ ಗಡಿ ದಾಟುವುದಾಗಿರಲಿಲ್ಲ. ಹುಬಳೀಕರ್, ಕರ್ನಾಟಕಿ ಎಂಬ ಈ ಮಾತುಗಳು ಅಚ್ಚಾಗದೆ ಹೋಗಿದ್ದರೆ ಅವರು ನಮ್ಮವರೆಂದು ಎಷ್ಟು ಜನಕ್ಕೆ ತಿಳಿಯುತ್ತಿತ್ತು?

1950ರ ದಶಕದ ಕೊನೆಯಲ್ಲಿ ಎಲ್‌ಪಿ, ಇಪಿ ತಟ್ಟೆಗಳು ಬಂದವು. ಹಾಡಿನ ಪುಸ್ತಕದ ಮುಖಪುಟ ತಟ್ಟೆಯ ಹೊದಿಕೆಗೆ ವರ್ಗವಾದದ್ದು ಆಗ. ಕನ್ನಡದ ಮಟ್ಟಿಗೆ ಹೆಚ್ಚು ಓಡಿದ್ದು ಏಳಂಗುಲದ ಇಪಿ: ಎರಡೂ ಮುಖ ಸೇರಿ ಸಾಮಾನ್ಯವಾಗಿ ಮೂರೋ ನಾಲ್ಕೋ ಹಾಡು. ಎದುರಿಗೆ ಚಿತ್ರದ ಒಂದು ದೃಶ್ಯ, ಕೈಯಿಂದ ಬರೆದ ಶೀರ್ಷಿಕೆ. ಬೆನ್ನಿಗೆ ಹಾಡುಗಳ ಪಟ್ಟಿ, ಬರೆದವರು, ಹಾಡಿದವರು, ಸಂಗೀತ. ಪಟ್ಟಿ ಬಹಳ ಕಡೆ ಇಂಗ್ಲಿಷಿನಲ್ಲಿರುತ್ತಿತ್ತು, ಕಾಗುಣಿತ ಕಂಡಕಂಡ ಹಾಗೆ. ತಟ್ಟೆ ಒತ್ತುವ ಕಾರ್ಖಾನೆ ಕಲ್ಕತ್ತೆಯ ಡಮ್‌ಡಮ್‌ನಲ್ಲಿ, ಧ್ವನಿಮುದ್ರಣ ಮದರಾಸಿನಲ್ಲಿ, ಹಾಡು ಕನ್ನಡದಲ್ಲಿ. ಇಂಥಲ್ಲಿ ಒಂದು ದೀರ್ಘ, ಒಂದು ಒತ್ತು ತಪ್ಪಿದ್ದರೆ ಆಶ್ಚರ್ಯವಿಲ್ಲ. ಆದರೂ ಹೊದಿಕೆಯ ಬೆನ್ನು ಎಂಬುದೊಂದು ಇತ್ತಲ್ಲ, ಅದೇ ಆ ಕಾಲದ ಸೌಭಾಗ್ಯ. ಅಲ್ಲಿ ಹೆಸರಿಗೆ ಜಾಗವಿತ್ತು. ಹೊದಿಕೆಯನ್ನು ರಚಿಸಿದ ಕಲಾವಿದನ ಹೆಸರಿಗೆ ಮಾತ್ರ ಎಲ್ಲೋ ಅಪರೂಪಕ್ಕೆ ಜಾಗ ಸಿಕ್ಕಿತು.

ಇಲ್ಲಿ ‘ಸಂಧ್ಯಾರಾಗ’ದ ಬಳಿ ಸ್ವಲ್ಪ ನಿಲ್ಲಬೇಕು. ಅ.ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದ ಈ ಚಿತ್ರ 1966ರದು. ಸಂಗೀತಗಾರನೊಬ್ಬನ ಬಾಳಿನ ಕಥೆ, ನಾಯಕ ರಾಜಕುಮಾರ್, ಸಂಗೀತ ಜಿ.ಕೆ. ವೆಂಕಟೇಶ್, ಜತೆಯಲ್ಲಿ ಎಂ. ಬಾಲಮುರಳಿಕೃಷ್ಣ. ಅದರಲ್ಲಿ ಜಿ.ವಿ. ಅಯ್ಯರ್ ಬರೆದ ಒಂದು ಗೀತೆಯನ್ನು ಭೀಮಸೇನ ಜೋಶಿಯವರು ಹಾಡಿದ್ದಾರೆ. ಅದೇ ಗೀತೆ ಬಾಲಮುರಳಿಯವರ ಕೊರಳಲ್ಲೂ ಇದೆ. ಗದುಗಿನಲ್ಲಿ ಹುಟ್ಟಿ ಪುಣೆಯಲ್ಲಿ ಮನೆ ಮಾಡಿದ ಭೀಮಸೇನರು, ತಮ್ಮ ಗುರು ಕುಂದಗೋಳದ ಸವಾಯಿ ಗಂಧರ್ವರ ನೆನಪಿನಲ್ಲಿ 1953ರಿಂದ ಈ ಊರಿನಲ್ಲಿ ಸಂಗೀತೋತ್ಸವ ನಡೆಸಿಕೊಂಡು ಬಂದವರು. ಅವರ ಮೊದಲ ತಟ್ಟೆಗಳು 1942ರಲ್ಲಿ ಬಂದಾಗಲೂ ಅವುಗಳಲ್ಲಿ ಕನ್ನಡದ ಭಕ್ತಿಗೀತೆಗಳಿದ್ದವು. ಪುಣೆಯ ಕನ್ನಡಿಗರಿಗೆ ಅವರು ಎಷ್ಟು ತಮ್ಮವರೋ ಮರಾಠಿಗರಿಗೂ ಅಷ್ಟೇ ತಮ್ಮವರು. ಇಂಥ ಹಾಡಿಗೆ ಹೊದಿಕೆ ಮಾಡಬೇಕಾದರೆ ಯಾರ ಮುಖ ಹಾಕಬೇಕು?

ಅಭ್ಯಾಸದ ಉತ್ತರ ರಾಜಕುಮಾರರ ಮುಖ. ಅದನ್ನು ಬೇಡವೆನ್ನುವ ಕನ್ನಡಿಗ ಹುಟ್ಟಿಲ್ಲ. ಆದರೆ ಇತಿಹಾಸ ಬಲ್ಲವರು ಒಂದು ವರ್ಷವನ್ನು ನೆನಪಿಡಬೇಕು: 1974. ಆ ವರ್ಷದ ‘ಸಂಪತ್ತಿಗೆ ಸವಾಲ್’ನಿಂದ ರಾಜಕುಮಾರರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಅದಕ್ಕೂ ಮೊದಲು ಬಹುಕಾಲ ಅವರ ದನಿಯಾಗಿದ್ದವರು ಪಿ.ಬಿ. ಶ್ರೀನಿವಾಸ್. ಹಾಗಾಗಿ 1976ರ ಹಾಡಿನ ಮೇಲೆ ರಾಜಕುಮಾರರ ಮುಖವಿದ್ದರೆ ಅದು ಗಾಯಕನ ಮುಖವೂ ಹೌದು. 1966ರ ಹಾಡಿನ ಮೇಲೆ ಅದೇ ಮುಖವಿದ್ದು ಬೇರೆ ಹೆಸರಿಲ್ಲದಿದ್ದರೆ ಅದು ಪಿ.ಬಿ. ಶ್ರೀನಿವಾಸರನ್ನೋ ಭೀಮಸೇನರನ್ನೋ ಮರೆಮಾಡುವ ಪರದೆ. ‘ಕಾಮಿನಿ’ ಎಂದು ಬರೆದ ಲೇಬಲ್ಲಿಗೂ ಇದಕ್ಕೂ ಹೆಚ್ಚು ದೂರವಿಲ್ಲ. ನಾಯಕನ ಹೆಸರಿನಲ್ಲಿ ಹಾಡುಗಳನ್ನು ಗುಡ್ಡೆ ಹಾಕುವ ಇಂದಿನ ಸಂಕಲನಗಳು ದಿನವೂ ಮಾಡುತ್ತಿರುವುದು ಇದನ್ನೇ.

ಕ್ಯಾಸೆಟ್ಟಿನ ಯುಗ ಹೊದಿಕೆಯನ್ನು ಮತ್ತೆ ಕುಗ್ಗಿಸಿತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಕೂಡಿಸಿದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟಾಗಿ ಬಂದು ದಾರಿ ತೆರೆಯಿತು. ಚಿತ್ರಗೀತೆಯಲ್ಲಿ 1987ರ ‘ಪ್ರೇಮಲೋಕ’ ಅಂಗಡಿ ಅಂಗಡಿಯಲ್ಲೂ ಮೊಳಗಿತು. ಹಂಸಲೇಖ ಅವರೇ ಬರೆದು ಅವರೇ ರಾಗ ಹಾಕಿದ್ದರಿಂದ ಅಲ್ಲಿ ಒಂದೇ ಹೆಸರು ಎರಡು ಕೆಲಸಕ್ಕೂ ಸಾಕಾಯಿತು. ಪ್ಲಾಸ್ಟಿಕ್ ಡಬ್ಬಿಯೊಳಗಿನ ಮಡಿಸಿದ ಕಾರ್ಡು, ಅಂಗಡಿಯವರ ಮಾತಿನಲ್ಲಿ ‘ಇನ್‌ಲೇ’, ಹಾಡಿನ ಪುಸ್ತಕದ ಮರಿಮಗು. ಅದರ ಒಳಮಡಿಕೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಾದರೂ ಹೆಸರುಗಳಿರುತ್ತಿದ್ದವು.

ಕಾನೂನು ಈ ವಿಷಯದಲ್ಲಿ ಏನು ಕೇಳಿತೆಂದು ನೋಡುವುದು ಕುತೂಹಲಕರ. ಕಳ್ಳ ಕ್ಯಾಸೆಟ್ಟುಗಳ ಹಾವಳಿ ತಡೆಯಲು 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ 52ಎ ಎಂಬ ಕಲಮು ಸೇರಿತು. ಮುದ್ರಿಕೆಯ ಮೇಲೆ, ಅದರ ಡಬ್ಬಿಯ ಮೇಲೆ ಧ್ವನಿಮುದ್ರಣ ಮಾಡಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲ ಪ್ರಕಟಣೆಯ ವರ್ಷ ಇರಲೇಬೇಕೆಂದು ಅದು ವಿಧಿಸಿತು. ಕವಿಯ ಹೆಸರನ್ನು ಅದು ಕೇಳಲಿಲ್ಲ. ರಾಗ ಹಾಕಿದವರ ಹೆಸರನ್ನೂ ಕೇಳಲಿಲ್ಲ. ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಧನದಲ್ಲಿ ಬಿಟ್ಟುಕೊಡಲಾಗದ ಪಾಲನ್ನು ಕಾಯ್ದೆ ಒಪ್ಪಿಕೊಂಡದ್ದು 2012ರ ತಿದ್ದುಪಡಿಯಲ್ಲಿ. ಪಾಲು ಸಲ್ಲಬೇಕಾದರೆ ಮೊದಲು ಪಾಲುದಾರ ಯಾರೆಂದು ತಿಳಿಯಬೇಕಷ್ಟೆ. ಹೊದಿಕೆಯ ಮೇಲಿನ ಹೆಸರನ್ನು ಅಲಂಕಾರವೆಂದುಕೊಂಡವರು ಇದನ್ನು ಯೋಚಿಸಬೇಕು.

ಕ್ಯಾಸೆಟ್ಟಿನ ಕಾಲಕ್ಕೆ ಇನ್ನೊಂದು ಮುಖವಿದೆ. ಸ್ವಂತ ಹೊದಿಕೆಯ ಹವ್ಯಾಸದ ನಿಜವಾದ ಹುಟ್ಟು ಅಲ್ಲಿ ಎಂದು ನಮ್ಮ ಎಣಿಕೆ. ಖಾಲಿ ಕ್ಯಾಸೆಟ್ಟು ಕೊಟ್ಟು, ಬೇಕಾದ ಹಾಡುಗಳ ಚೀಟಿ ಕೊಟ್ಟರೆ ತುಂಬಿಸಿಕೊಡುವ ರೆಕಾರ್ಡಿಂಗ್ ಅಂಗಡಿಗಳು ಊರೂರಿಗೂ ಇದ್ದವು. ಮುಖಕ್ಕೆ 30 ನಿಮಿಷದಂತೆ ಅರುವತ್ತರ ಕ್ಯಾಸೆಟ್ಟಿನಲ್ಲಿ ಹದಿನಾರು ಹಾಡು ಹಿಡಿದರೆ ಹೆಚ್ಚು. ಖಾಲಿ ಕ್ಯಾಸೆಟ್ಟಿನ ಜತೆ ಬರುವ ಗೆರೆ ಹಾಕಿದ ಕಾರ್ಡಿನ ಮೇಲೆ ಹಾಡಿನ ಪಟ್ಟಿಯನ್ನು ಮನೆಯ ಅಕ್ಷರ ದುಂಡಗಿರುವವರು ಬರೆಯಬೇಕು. ಹೊರನಾಡಿನ ಮನೆಗಳಲ್ಲಿ ಈ ಕಾರ್ಡುಗಳು ಸ್ವಾರಸ್ಯಕರ ದಾಖಲೆಗಳು. ರಜೆಗೆ ಧಾರವಾಡಕ್ಕೋ ಬೆಳಗಾವಿಗೋ ಹೋಗಿ ಬಂದವರು ತುಂಬಿಸಿ ತಂದದ್ದಾದರೆ ಕನ್ನಡದಲ್ಲಿ. ಇಲ್ಲಿಯೇ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತ ಮಕ್ಕಳು ಬರೆದದ್ದಾದರೆ ದೇವನಾಗರಿಯಲ್ಲಿ. ದೇವನಾಗರಿಯಲ್ಲಿ ಎಕಾರ ಏಕಾರಕ್ಕೆ, ಒಕಾರ ಓಕಾರಕ್ಕೆ ಬೇರೆ ಬೇರೆ ಗುರುತು ರೂಢಿಯಲ್ಲಿಲ್ಲವಾದ್ದರಿಂದ ‘ಕೆರೆ’ಗೂ ‘ಕೇರಿ’ಗೂ ಮೊದಲಕ್ಷರ ಒಂದೇ ಆಗುತ್ತದೆ. ಹಾಡಿನ ಹೆಸರುಗಳನ್ನು ಊಹಿಸಿ ಓದಬೇಕು. ಆದರೆ ಆ ಕಾರ್ಡುಗಳಲ್ಲಿ ಕಂಪನಿಗಳು ಮಾಡದ ಕೆಲಸವೊಂದು ನಡೆದಿದೆ: ಪ್ರತಿ ಹಾಡಿನ ಮುಂದೆ ಪಿಬಿಎಸ್, ಎಸ್. ಜಾನಕಿ, ಪಿ. ಸುಶೀಲ ಎಂದು ಬರೆದವರಿಗೆ ಚಿತ್ರದ ನಾಯಕ ಯಾರೆಂದು ಬರೆಯಲು ಜಾಗ ಉಳಿದಿಲ್ಲ.

ಈ ಕ್ಯಾಸೆಟ್ಟುಗಳು ಈಗ ಮನೆಗಳಿಂದ ಹೊರಬೀಳುತ್ತಿವೆ. ಹಿರಿಯರು ತೀರಿಕೊಂಡಾಗ, ಹಳೆಯ ವಾಡೆಗಳು ಕಟ್ಟಡಗಳಾಗುವಾಗ, ಎರಡು ಕೋಣೆಯ ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಮೊದಲು ರದ್ದಿಯವನ ಪಾಲಾಗುವುದು ಇವೇ. ಬುಧವಾರ, ಭಾನುವಾರ ನೆರೆಯುವ ಪುಣೆಯ ಜೂನಾ ಬಜಾರಿನಲ್ಲಿ ತುಕ್ಕು ಹಿಡಿದ ಸ್ಪ್ಯಾನರು, ಹಿತ್ತಾಳೆ ಬೀಗಗಳ ನಡುವೆ ಹೊದಿಕೆಯಿಲ್ಲದ ತಟ್ಟೆಗಳನ್ನೂ ತಟ್ಟೆಯಿಲ್ಲದ ಹೊದಿಕೆಗಳನ್ನೂ ಕಾಣಬಹುದು. ಸಂಗ್ರಹಾಲಯಕ್ಕೆ ಇವೆಲ್ಲ ಬೇಕಾಗಲಾರವು. ಬೇಕಾದವರು ಕೂಡಿಟ್ಟು, ಗಣಕಕ್ಕೆ ಇಳಿಸಿ, ಹೊಸ ಹೊದಿಕೆ ಹೊದಿಸುವುದು ಉಳಿದ ದಾರಿ.

ಇಲ್ಲಿಗೆ ಇಂದಿನ ಚೌಕಕ್ಕೆ ಬಂದೆವು. ಹಾಡು ಕೇಳಿಸುವ ಸೇವೆಗಳು 3000 ಚುಕ್ಕೆ ಅಗಲ, 3000 ಚುಕ್ಕೆ ಎತ್ತರದ ಚಿತ್ರ ಕೇಳುತ್ತವೆ. ಫೋನಿನಲ್ಲಿ ತೋರಿಸುವುದು ಹೆಬ್ಬೆರಳಿನ ಉಗುರಿನಷ್ಟು. ಅದಕ್ಕೆ ಬೆನ್ನಿಲ್ಲ, ಒಳಮಡಿಕೆಯಿಲ್ಲ. ಮುಖ ಮಾತ್ರ ಉಳಿಯಿತು, ಹೆಸರಿನ ಪುಟ ಹೋಯಿತು. ಉಗುರಿನಷ್ಟು ಜಾಗದಲ್ಲಿ ಕನ್ನಡ ಅಕ್ಷರ ಬರೆಯುವುದೂ ಸುಲಭದ ಕೆಲಸವಲ್ಲ. ದೇವನಾಗರಿ ತಲೆಗೆರೆಯಿಂದ ಜೋತು ನಿಲ್ಲುತ್ತದೆ; ಮರಾಠಿ ಶೀರ್ಷಿಕೆಯನ್ನು ಚಿಕ್ಕದು ಮಾಡಿದರೂ ಆ ಗೆರೆ ಪದವನ್ನು ಕಟ್ಟಿ ಹಿಡಿಯುತ್ತದೆ. ನಮ್ಮ ಅಕ್ಷರ ದುಂಡು, ತಲೆಕಟ್ಟು ಬಿಡಿಬಿಡಿ, ಒತ್ತು ಸಾಲಿನಿಂದ ಕೆಳಗಿಳಿಯುತ್ತದೆ. ‘ಘಟಶ್ರಾದ್ಧ’ವನ್ನೇ ನೋಡಿ. ಶ್ರಾ ಎಂಬಲ್ಲಿ ರಕಾರದ ಒತ್ತು, ದ್ಧ ಎಂಬಲ್ಲಿ ಧಕಾರದ ಒತ್ತು. ಆ ಒತ್ತಿನ ಹೊಟ್ಟೆಯ ಸಣ್ಣ ಸೀಳು ಕಾಣದಿದ್ದರೆ ಮಹಾಪ್ರಾಣ ಹೋಗಿ ಅಲ್ಪಪ್ರಾಣವಾಯಿತು. ಹಳೆಯ ಶೀರ್ಷಿಕೆ ಕಲಾವಿದರು ಇದನ್ನು ಬಲ್ಲವರಾಗಿದ್ದರು: ಒತ್ತನ್ನು ಅಕ್ಷರದ ಬಗಲಿಗೆ ಎಳೆದು ತರುವುದು, ಕೊಂಬನ್ನು ಮುಂದಿನ ಅಕ್ಷರದ ಮೇಲೆ ಚಾಚುವುದು, ಕೊನೆಯ ದೀರ್ಘವನ್ನು ಬಳ್ಳಿಯಾಗಿ ಇಡೀ ಪದದ ಕೆಳಗೆ ಹರಿಸುವುದು. ಸಿದ್ಧ ಫಾಂಟುಗಳಲ್ಲಿ ಈ ಸ್ವಾತಂತ್ರ್ಯ ಕಡಿಮೆ. ‘ಬಾಲೂ ತಮ್ಮ’ದಂಥ ದಪ್ಪ ದುಂಡು ಫಾಂಟು ಹಾಸ್ಯಚಿತ್ರಕ್ಕೆ ಒಪ್ಪುತ್ತದೆ, ‘ಘಟಶ್ರಾದ್ಧ’ಕ್ಕೆ ಹಾಕಿದರೆ ನಗೆಪಾಟಲು. ಅಂಥಲ್ಲಿ ಕೈಬರಹವೇ ವಾಸಿ. ಬೋರು ಲೇಖನಿಯಲ್ಲೋ ಚಪ್ಪಟೆ ಕುಂಚದಲ್ಲೋ ಬರೆದು ಫೋಟೋ ತೆಗೆದರಾಯಿತು.

‘ಘಟಶ್ರಾದ್ಧ’ದ ಹೆಸರು ಸುಮ್ಮನೆ ಎತ್ತಲಿಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಹೊರಬಿದ್ದ ಗಿರೀಶ ಕಾಸರವಳ್ಳಿಯವರ ಈ ಮೊದಲ ಚಿತ್ರ 1977ರದು, ಬಿ.ವಿ. ಕಾರಂತರಿಗೆ ಅದರ ಸಂಗೀತಕ್ಕಾಗಿ ರಾಷ್ಟ್ರಪ್ರಶಸ್ತಿ ಬಂತು. ಅದು ಹಾಡು ಮಾರಿ ಬದುಕುವ ಜಾತಿಯ ಚಿತ್ರವಲ್ಲ. ಪುಣೆಯ ಸಂಗ್ರಹಾಲಯ ಕಾಯ್ದಿಟ್ಟ ಮೂಲ ನೆಗೆಟಿವಿನಿಂದ ಪುನರುಜ್ಜೀವನಗೊಂಡು 2024ರಲ್ಲಿ ಅದು ವೆನಿಸ್ ಉತ್ಸವದಲ್ಲಿ ಪ್ರದರ್ಶನಗೊಂಡಿತು. ಇಂಥ ಚಿತ್ರದ ಹಿನ್ನೆಲೆ ಸಂಗೀತಕ್ಕೆ ಯಾರಾದರೂ ಸುಂದರವಾದ ಹೊದಿಕೆ ರಚಿಸಿ, ಅಂಚುಗಳಿಗೆ ಸವೆದ ಬಣ್ಣ ಬಳಿದು, ಮೂಲೆಯಲ್ಲಿ ಹಳೆಯ ಕಂಪನಿಯ ಲಾಂಛನ ಅಂಟಿಸಿ ಹರಿಯಬಿಟ್ಟರೆನ್ನಿ. ಹತ್ತು ವರ್ಷದಲ್ಲಿ ಅದು 1977ರ ತಟ್ಟೆಯ ಹೊದಿಕೆಯೆಂದೇ ನಂಬಿಕೆ ಹುಟ್ಟುತ್ತದೆ. ಇಪ್ಪತ್ತು ವರ್ಷದಲ್ಲಿ ಪ್ರಬಂಧವೊಂದರ ಅಡಿಟಿಪ್ಪಣಿಯಾಗುತ್ತದೆ. ಹಳೆಯದರಂತೆ ಕಾಣಿಸುವ ಆಸೆ ಈ ಹವ್ಯಾಸದ ದೊಡ್ಡ ಅಪಾಯ. ಕಾಗದವೇ ಚಿತ್ರಕ್ಕೆ ಸಾಕ್ಷಿಯಾಗಿ ಉಳಿದಿರುವ ಭಾಷೆ ನಮ್ಮದು. ಅಲ್ಲಿ ಸುಳ್ಳು ಕಾಗದ ಹುಟ್ಟಿಸುವುದು ಸಣ್ಣ ತಪ್ಪಲ್ಲ.

ಇನ್ನೊಂದು ಮಾತು. ಚಲನಚಿತ್ರ, ಧ್ವನಿಮುದ್ರಣಗಳಿಗೆ ನಮ್ಮ ಕಾನೂನು ಕೊಡುವ ರಕ್ಷಣೆ 60 ವರ್ಷ, ಅದೂ ಪ್ರಕಟಣೆಯ ಮರುವರ್ಷದಿಂದ ಎಣಿಸಿ. 1966ರ ಚಿತ್ರದ ಅವಧಿ 2026ರ ಕೊನೆಯವರೆಗೆ ನಡೆಯುತ್ತದೆ. ಪರರ ಸ್ಥಿರಚಿತ್ರವನ್ನು ಕತ್ತರಿಸಿ ಅಂಟಿಸಿ ಊರಿಗೆಲ್ಲ ಹಂಚುವುದಕ್ಕಿಂತ ಸ್ವಂತ ಕೈಯಿಂದ ಬರೆಯುವುದು ಕಾನೂನಿಗೂ ಕಲೆಗೂ ಕ್ಷೇಮ. ಬಾಬುರಾವ್ ಪೇಂಟರ್ ಮಾಡಿದ್ದೂ ಅದನ್ನೇ.

‘ಸಂಧ್ಯಾರಾಗ’ಕ್ಕೆ ನಮ್ಮ ಬಳಗ ರಚಿಸಿಕೊಂಡ ಹೊದಿಕೆಯಲ್ಲಿ ಯಾರ ಮುಖವೂ ಇಲ್ಲ. ಸಂಜೆಗೆಂಪಿನ ಚೌಕ, ಅದರಲ್ಲಿ ಒರಗಿಸಿಟ್ಟ ಒಂದು ತಂಬೂರಿ. ಶೀರ್ಷಿಕೆಯ ಯಕಾರದ ಒತ್ತು ತಂಬೂರಿಯ ಬುರುಡೆಯ ಸುತ್ತ ಬಾಗಿ ಬಂದಿದೆ. ಚೌಕಕ್ಕೆ ಬೆನ್ನಿಲ್ಲದ ಕಾರಣ ಅದೇ ಅಳತೆಯ ಎರಡನೆಯ ಚಿತ್ರವೊಂದನ್ನು ಹಾಡಿನ ಕಡತದೊಳಗೇ ಸೇರಿಸಿದ್ದೇವೆ. ಅದರಲ್ಲಿ ಹೆಸರುಗಳು ಮಾತ್ರ. ಕಥೆ: ಅ.ನ. ಕೃಷ್ಣರಾವ್. ಗೀತೆ: ಜಿ.ವಿ. ಅಯ್ಯರ್. ಸಂಗೀತ: ಜಿ.ಕೆ. ವೆಂಕಟೇಶ್, ಎಂ. ಬಾಲಮುರಳಿಕೃಷ್ಣ. ಹಾಡಿದವರು: ಭೀಮಸೇನ ಜೋಶಿ. ತೆರೆಯ ಮೇಲೆ: ರಾಜಕುಮಾರ್. ಚಿತ್ರದ ವರ್ಷ 1966. ಎಲ್ಲಕ್ಕಿಂತ ಕೆಳಗೆ, ಹಿಗ್ಗಿಸಿದರೆ ಮಾತ್ರ ಓದಲಾಗುವ ಸಾಲು: ಈ ಹೊದಿಕೆ ಪುಣೆಯಲ್ಲಿ 2025ರಲ್ಲಿ ರಚಿಸಿದ್ದು, ಮೂಲ ಮುದ್ರಿಕೆಯದಲ್ಲ.